ಲೋಕಸಭೆಗೆ ಭದ್ರ, ವಿಧಾನಸಭೆಗೆ ಅಲ್ಲ: ಶಿಗ್ಗಾವಿ ಉಪಚುನಾವಣೆಯ ಒಳಲೆಕ್ಕ

2024ರ ನವೆಂಬರ್ 23ರಂದು ಶಿಗ್ಗಾವಿ ವಿಧಾನಸಭಾ ಕ್ಷೇತ್ರದ ಉಪಚುನಾವಣೆಯ ಮತ ಎಣಿಕೆ ಮುಗಿದಾಗ ಕಾಂಗ್ರೆಸ್‌ನ ಯಾಸೀರ್ ಅಹ್ಮದ್ ಖಾನ್ ಪಠಾಣ ಅವರಿಗೆ 1,00,756 ಮತಗಳೂ ಬಿಜೆಪಿಯ ಭರತ್ ಬೊಮ್ಮಾಯಿ ಅವರಿಗೆ 87,308 ಮತಗಳೂ ಬಂದಿದ್ದವು. ಭರತ್ ಅವರ ತಂದೆ, ಮಾಜಿ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ 2008ರಿಂದ 2023ರವರೆಗೆ ಸತತ ನಾಲ್ಕು ಬಾರಿ ಗೆದ್ದಿದ್ದ ಕ್ಷೇತ್ರ ಹೀಗೆ 13,448 ಮತಗಳ ಅಂತರದಿಂದ ಕೈತಪ್ಪಿತು. ಈ ಕ್ಷೇತ್ರ ಸೇರಿರುವುದು ಧಾರವಾಡ ಲೋಕಸಭಾ ಕ್ಷೇತ್ರಕ್ಕೆ; ಧಾರವಾಡ ಉತ್ತರ ಎಂಬ ಹೆಸರಿದ್ದ 1996ರಿಂದ ಇಂದಿನವರೆಗೂ ಅಲ್ಲಿ ಬಿಜೆಪಿ ಸೋತಿಲ್ಲ. ಮೊದಲ ಮೂರು ಬಾರಿ ವಿಜಯ ಸಂಕೇಶ್ವರ, ಆ ಬಳಿಕ ಐದು ಬಾರಿ ಪ್ರಲ್ಹಾದ ಜೋಶಿ ಗೆದ್ದಿದ್ದಾರೆ. ಉಪಚುನಾವಣೆಗೆ ಐದೇ ತಿಂಗಳ ಹಿಂದೆ ಜೋಶಿಯವರು ಕಾಂಗ್ರೆಸ್‌ನ ವಿನೋದ ಅಸೂಟಿ ಅವರನ್ನು 97,324 ಮತಗಳಿಂದ ಸೋಲಿಸಿದ್ದರು.

ಫಲಿತಾಂಶ ಬಂದ ದಿನ ಎರಡು ವಿವರಣೆಗಳು ಕೇಳಿಬಂದವು. ಸೋತವರು ಅಧಿಕಾರ ಮತ್ತು ಹಣದ ಬಲ ಎಂದರು. ಗೆದ್ದವರು ಗ್ಯಾರಂಟಿ ಯೋಜನೆಗಳಿಗೆ ಸಿಕ್ಕ ಜನಾದೇಶ ಎಂದರು. ಎರಡರಲ್ಲೂ ಸ್ವಲ್ಪ ಸತ್ಯವಿದೆ. ಆದರೆ ಗ್ಯಾರಂಟಿಗಳೂ ರಾಜ್ಯದ ಅಧಿಕಾರವೂ ಲೋಕಸಭಾ ಚುನಾವಣೆಯ ಹೊತ್ತಿಗೂ ಕಾಂಗ್ರೆಸ್ ಕೈಯಲ್ಲೇ ಇದ್ದವು. ಆಗ ಧಾರವಾಡದಲ್ಲಿ ಅವುಗಳಿಂದ ಗೆಲುವು ಬರಲಿಲ್ಲ. ಆದ್ದರಿಂದ ಶಿಗ್ಗಾವಿಯ ಫಲಿತಾಂಶವನ್ನು ಅರ್ಥ ಮಾಡಿಕೊಳ್ಳಬೇಕಾದರೆ, ಲೋಕಸಭೆಗೆ ಭದ್ರವಾಗಿರುವ ಕ್ಷೇತ್ರ ವಿಧಾನಸಭೆಗೂ ಭದ್ರ ಎಂದು ನಾವೆಲ್ಲ ಸಲೀಸಾಗಿ ಒಪ್ಪಿಕೊಂಡಿರುವ ಎಣಿಕೆಯನ್ನೇ ಮೊದಲು ಪರೀಕ್ಷಿಸಬೇಕು.

ಭೂಗೋಳದಿಂದ ಆರಂಭಿಸೋಣ. ಶಿಗ್ಗಾವಿ ಮತ್ತು ಸವಣೂರು ತಾಲ್ಲೂಕುಗಳು ಕಂದಾಯದ ಲೆಕ್ಕದಲ್ಲಿ ಹಾವೇರಿ ಜಿಲ್ಲೆಗೆ ಸೇರಿವೆ. 2008ರಲ್ಲಿ ಜಾರಿಗೆ ಬಂದ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಧಾರವಾಡ ದಕ್ಷಿಣ ಎಂಬ ಹಳೆಯ ಲೋಕಸಭಾ ಕ್ಷೇತ್ರ ಮರೆಯಾಗಿ ಹಾವೇರಿ ಕ್ಷೇತ್ರ ರೂಪುಗೊಂಡಾಗ, ಶಿಗ್ಗಾವಿಯನ್ನು ಮಾತ್ರ ನವಲಗುಂದ, ಕುಂದಗೋಳ, ಕಲಘಟಗಿ ಮತ್ತು ಹುಬ್ಬಳ್ಳಿ-ಧಾರವಾಡ ಭಾಗದ ಕ್ಷೇತ್ರಗಳ ಜೊತೆಗೆ ಧಾರವಾಡ ಲೋಕಸಭೆಗೆ ಸೇರಿಸಲಾಯಿತು. ಇದರ ಪರಿಣಾಮ 2024ರಲ್ಲಿ ಎದ್ದುಕಂಡಿತು. ಬಸವರಾಜ ಬೊಮ್ಮಾಯಿ ಲೋಕಸಭೆಗೆ ಸ್ಪರ್ಧಿಸಿದ್ದು ಹಾವೇರಿಯಿಂದ. ಅಲ್ಲಿ ಅವರು 43,513 ಮತಗಳಿಂದ ಗೆದ್ದರು. ಆ ಚುನಾವಣೆಯಲ್ಲಿ ಶಿಗ್ಗಾವಿಯ ಮತದಾರರಿಗೆ ಮತವೇ ಇರಲಿಲ್ಲ. ಹದಿನಾರು ವರ್ಷ ತಮ್ಮವರಾಗಿದ್ದ ಶಾಸಕ ಬೇರೆಯವರ ಮತದಿಂದ ಬೇರೆಯವರ ಸಂಸದರಾಗಿ ಹೋದರು. ಇಲ್ಲಿಯವರಿಗೆ ಉಳಿದದ್ದು ತೆರವಾದ ಸ್ಥಾನ ಮತ್ತು ಮತ್ತೊಂದು ಚುನಾವಣೆ. ಅದೇ ದಿನ ಉಪಚುನಾವಣೆ ಕಂಡ ಚನ್ನಪಟ್ಟಣದ ಸ್ಥಿತಿಯೂ ಇದೇ: ಕ್ಷೇತ್ರ ಬೆಂಗಳೂರು ಗ್ರಾಮಾಂತರ ಲೋಕಸಭೆಗೆ ಸೇರಿದ್ದರೆ, ಶಾಸಕ ಎಚ್. ಡಿ. ಕುಮಾರಸ್ವಾಮಿ ಸಂಸದರಾದದ್ದು ಮಂಡ್ಯದಿಂದ. ಮೂರನೆಯದಾದ ಸಂಡೂರಿನಲ್ಲಿ ಮಾತ್ರ ಶಾಸಕ ಈ. ತುಕಾರಾಂ ತಮ್ಮ ಕ್ಷೇತ್ರವನ್ನೂ ಒಳಗೊಂಡ ಬಳ್ಳಾರಿಯಿಂದಲೇ ಲೋಕಸಭೆಗೆ ಹೋದರು. ಮೂರರ ಪೈಕಿ ಹಿಂದಿನ ಶಾಸಕರ ಪಕ್ಷವೇ ಸ್ಥಾನ ಉಳಿಸಿಕೊಂಡದ್ದು ಸಂಡೂರಿನಲ್ಲಿ ಮಾತ್ರ. ಇದೊಂದೇ ಕಾರಣವೆಂದು ನಾನು ಹೇಳುತ್ತಿಲ್ಲ. ಆದರೆ ಬಿಟ್ಟುಹೋದರೆಂಬ ಭಾವನೆ ಮತದಾರನ ಮನಸ್ಸಿನಲ್ಲಿ ತೂಕದ ಸಂಗತಿ ಎಂಬುದನ್ನು ಪಕ್ಷಗಳು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಕಾನೂನು ಇಲ್ಲಿ ಸರಳವಾಗಿದೆ. ಸಂವಿಧಾನದ 101(2)ನೇ ವಿಧಿ ಮತ್ತು ಅದರಡಿ 1950ರಲ್ಲಿ ರೂಪಿಸಿದ ನಿಯಮಗಳ ಪ್ರಕಾರ ಯಾರೂ ಏಕಕಾಲಕ್ಕೆ ಸಂಸತ್ತು ಮತ್ತು ವಿಧಾನಮಂಡಲ ಎರಡರ ಸದಸ್ಯರಾಗಿ ಉಳಿಯುವಂತಿಲ್ಲ. ಹದಿನಾಲ್ಕು ದಿನಗಳೊಳಗೆ ಶಾಸಕ ಸ್ಥಾನ ಬಿಡದಿದ್ದರೆ ಸಂಸತ್ತಿನ ಸ್ಥಾನವೇ ತೆರವಾಗುತ್ತದೆ. ತೆರವಾದ ಸ್ಥಾನಕ್ಕೆ ಆರು ತಿಂಗಳೊಳಗೆ ಉಪಚುನಾವಣೆ ನಡೆಯಬೇಕೆಂದು ಪ್ರಜಾಪ್ರತಿನಿಧಿ ಕಾಯ್ದೆಯ 151ಎ ಕಲಂ ಹೇಳುತ್ತದೆ. ಮೂವರೂ ಜೂನ್‌ನಲ್ಲಿ ರಾಜೀನಾಮೆ ಕೊಟ್ಟರು, ಮತದಾನ ನವೆಂಬರ್ 13ರಂದು ನಡೆಯಿತು. ಕಾನೂನಿನ ದೃಷ್ಟಿಯಲ್ಲಿ ಯಾವ ಲೋಪವೂ ಇಲ್ಲ.

ಆದರೆ ಐದು ತಿಂಗಳು ಶಾಸಕರಿಲ್ಲದ ತಾಲ್ಲೂಕು ಎಂದರೆ ಏನೆಂಬುದನ್ನು ತಹಶೀಲ್ದಾರರ ಕಚೇರಿಗೆ ಅಲೆಯುವವರು ಬಲ್ಲರು. ಬಗರ್ ಹುಕುಂ, ಅಂದರೆ ಮಂಜೂರಾತಿಯಿಲ್ಲದೆ ಸಾಗುವಳಿ ಮಾಡುತ್ತಿರುವ ಸರ್ಕಾರಿ ಜಮೀನಿನ ಅರ್ಜಿಗಳನ್ನು ತೀರ್ಮಾನಿಸುವ ಸಮಿತಿಗೆ ಶಾಸಕರು ಅಧ್ಯಕ್ಷರು. ಬಡವರಿಗೆ ಮನೆ, ನಿವೇಶನ ಹಂಚುವ ಪಟ್ಟಿಯಲ್ಲಿ ಅವರ ಮಾತು ನಡೆಯುತ್ತದೆ. ಅಭಿವೃದ್ಧಿ ಕೆಲಸಗಳ ಪ್ರಗತಿ ಪರಿಶೀಲಿಸುವ ತಾಲ್ಲೂಕು ಕೆಡಿಪಿ ಸಭೆಯಲ್ಲಿ ಕೃಷಿ, ನೀರಾವರಿ, ಶಿಕ್ಷಣ ಇಲಾಖೆಗಳ ಅಧಿಕಾರಿಗಳನ್ನು ಎದುರಿಗೆ ಕೂರಿಸಿಕೊಂಡು ಕೇಳುವವರು ಅವರೇ. ಸಂಸದರಿಗೆ ವರ್ಷಕ್ಕೆ ಐದು ಕೋಟಿ ರೂಪಾಯಿ ಪ್ರದೇಶಾಭಿವೃದ್ಧಿ ನಿಧಿ ಇದೆ, ಅದು ಎಂಟು ವಿಧಾನಸಭಾ ಕ್ಷೇತ್ರಗಳಿಗೆ ಹಂಚಿಹೋಗಬೇಕು. ಶಾಸಕರಿಗಿರುವ ಎರಡು ಕೋಟಿ ಒಂದೇ ಕ್ಷೇತ್ರಕ್ಕೆ. ಊರಿನ ಸಿಸಿ ರಸ್ತೆ, ಗುಡಿಯ ಮುಂದಿನ ಸಮುದಾಯ ಭವನ, ಶಾಲೆಯ ಕೋಣೆ, ವರ್ಗಾವಣೆಯ ಪತ್ರ, ಆಸ್ಪತ್ರೆಗೆ ಒಂದು ಫೋನ್, ಇವೆಲ್ಲ ಶಾಸಕರ ಮನೆಯ ಅಂಗಳದಲ್ಲಿ ಬಗೆಹರಿಯುವ ಸಂಗತಿಗಳು. ಈ ವ್ಯವಸ್ಥೆ ಸರಿಯೇ ತಪ್ಪೇ ಎಂಬುದು ಬೇರೆ ಚರ್ಚೆ. ಇರುವುದು ಹೀಗೆ, ಮತದಾರ ಅದನ್ನು ಬಲ್ಲ. ಹಾಗಾಗಿ ಲೋಕಸಭೆಗೆ ಮತ ಹಾಕುವಾಗ ದೇಶ, ಪ್ರಧಾನಿ, ಸಿದ್ಧಾಂತ ಎಂದು ಯೋಚಿಸುವ ವ್ಯಕ್ತಿಯೇ ವಿಧಾನಸಭೆಗೆ ಮತ ಹಾಕುವಾಗ ಯಾರ ಬಾಗಿಲು ತಟ್ಟಿದರೆ ತೆರೆಯುತ್ತದೆ ಎಂದು ಯೋಚಿಸುತ್ತಾನೆ. ಉಪಚುನಾವಣೆಯಲ್ಲಿ ಈ ಯೋಚನೆ ಇನ್ನೂ ತೀಕ್ಷ್ಣವಾಗುತ್ತದೆ, ಏಕೆಂದರೆ ಸರ್ಕಾರ ಯಾರದ್ದೆಂಬುದು ಆಗಲೇ ತೀರ್ಮಾನವಾಗಿರುತ್ತದೆ ಮತ್ತು ಮುಂದಿನ ಮೂರೂವರೆ ವರ್ಷ ಆ ಸರ್ಕಾರದ ಹತ್ತಿರವೇ ಕೆಲಸ ಮಾಡಿಸಿಕೊಳ್ಳಬೇಕಾಗಿರುತ್ತದೆ.

ಇನ್ನು ಭದ್ರ ಎಂದುಕೊಂಡಿದ್ದ ಶಿಗ್ಗಾವಿ ನಿಜವಾಗಿ ಎಷ್ಟು ಭದ್ರವಾಗಿತ್ತು? ಬೊಮ್ಮಾಯಿಯವರ ಗೆಲುವಿನ ಅಂತರಗಳನ್ನು ಸಾಲಾಗಿ ಇಟ್ಟು ನೋಡಬೇಕು. 2008ರಲ್ಲಿ 12,862. 2013ರಲ್ಲಿ 9,503. 2018ರಲ್ಲಿ 9,265. ಮೂರೂ ಬಾರಿ ಎದುರಾಳಿ ಕಾಂಗ್ರೆಸ್‌ನ ಸೈಯದ್ ಅಜ್ಜಂಪೀರ ಖಾದ್ರಿ. ಗೃಹ, ಜಲಸಂಪನ್ಮೂಲದಂಥ ಖಾತೆಗಳನ್ನು ನಿಭಾಯಿಸಿದ, ಶಿಗ್ಗಾವಿಗೆ ಕೊಳವೆ ಮಾರ್ಗದ ಏತ ನೀರಾವರಿ ಯೋಜನೆ ತಂದ ಪ್ರಭಾವಿ ನಾಯಕನಿಗೂ ಇಲ್ಲಿ ಸಿಗುತ್ತಿದ್ದುದು ಹತ್ತು ಸಾವಿರದ ಆಸುಪಾಸಿನ ಅಂತರವೇ. 2023ರಲ್ಲಿ ಮಾತ್ರ ಅದು ಏಕಾಏಕಿ 35,978ಕ್ಕೆ ಏರಿತು. ಆಗ ಅವರು ಮುಖ್ಯಮಂತ್ರಿಯಾಗಿದ್ದರು, ಎದುರಾಳಿಯಾಗಿದ್ದವರು ಮೊದಲ ಬಾರಿ ಕಣಕ್ಕಿಳಿದಿದ್ದ ಪಠಾಣ. ನಮ್ಮೂರಿನವರೇ ಮುಖ್ಯಮಂತ್ರಿ ಎಂಬ ಹೆಮ್ಮೆಗೆ ಬಿದ್ದ ಮತಗಳನ್ನು ಪಕ್ಷಕ್ಕೆ ಬಿದ್ದ ಮತಗಳೆಂದು ಎಣಿಸಿದ್ದರಿಂದ ಲೆಕ್ಕ ತಪ್ಪಿತು. ಆ ಒಂದು ಚುನಾವಣೆಯನ್ನು ಬದಿಗಿಟ್ಟರೆ ಶಿಗ್ಗಾವಿ ಮೊದಲಿನಿಂದಲೂ ಸಮಬಲದ ಹೋರಾಟದ ಕ್ಷೇತ್ರ. 1967ರಲ್ಲಿ ಎಸ್. ನಿಜಲಿಂಗಪ್ಪ ಇಲ್ಲಿಂದ ಶಾಸಕರಾಗಿದ್ದರು. 1999ರಲ್ಲಿ ಇದೇ ಖಾದ್ರಿ ಜೆಡಿಎಸ್‌ನಿಂದ ಗೆದ್ದಿದ್ದರು. ಇದನ್ನು ಒಳಗೊಂಡಿದ್ದ ಧಾರವಾಡ ದಕ್ಷಿಣದಿಂದ ಎಫ್. ಎಚ್. ಮೊಹ್ಸಿನ್, ಬಿ. ಎಂ. ಮುಜಾಹಿದ್ ಅವರಂಥ ಕಾಂಗ್ರೆಸ್ಸಿಗರು ಲೋಕಸಭೆಗೆ ಆರಿಸಿಹೋಗಿದ್ದರು. ಧಾರವಾಡ ಉತ್ತರದ ಬಿಜೆಪಿ ಪರಂಪರೆ ಶಿಗ್ಗಾವಿಗೆ ಬಂದದ್ದು 2008ರ ನಕಾಶೆಯಿಂದ. ಊರಿನ ರಾಜಕೀಯ ಸ್ವಭಾವ ಅದಕ್ಕಿಂತ ಹಳೆಯದು.

ಮತಗಳ ಏರಿಳಿತವನ್ನು ಹತ್ತಿರದಿಂದ ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. 2023ರಲ್ಲಿ ಬೊಮ್ಮಾಯಿಯವರಿಗೆ ಬಂದಿದ್ದು 1,00,016 ಮತ, ಪಠಾಣ ಅವರಿಗೆ 64,038. ಉಪಚುನಾವಣೆಯಲ್ಲಿ ಬಿಜೆಪಿ ಕಳೆದುಕೊಂಡದ್ದು 12,708 ಮತಗಳು. ಕಾಂಗ್ರೆಸ್ ಗಳಿಸಿಕೊಂಡದ್ದು 36,718. ಬಿಜೆಪಿಯನ್ನು ಬಿಟ್ಟ ಪ್ರತಿಯೊಬ್ಬರೂ ಕಾಂಗ್ರೆಸ್‌ಗೇ ಹೋದರೆಂದು ಭಾವಿಸಿದರೂ ಕಾಂಗ್ರೆಸ್‌ನ ಏರಿಕೆಯ ಮೂರನೇ ಎರಡು ಭಾಗ ಬೇರೆಡೆಯಿಂದಲೇ ಬರಬೇಕು: ಹಿಂದಿನ ಸಲ ಜೆಡಿಎಸ್‌ಗೋ ಇತರರಿಗೋ ಮತ ಹಾಕಿದ್ದವರಿಂದ, ಮತಗಟ್ಟೆಗೆ ಬಾರದೇ ಇದ್ದವರಿಂದ, ಹೊಸದಾಗಿ ಹೆಸರು ಸೇರಿದವರಿಂದ. 2024ರ ಹೊತ್ತಿಗೆ ಜೆಡಿಎಸ್ ಬಿಜೆಪಿಯ ಮಿತ್ರಪಕ್ಷ. ಕಾಗದದ ಮೇಲೆ ಎರಡೂ ಪಕ್ಷಗಳ ಮತ ಕೂಡಬೇಕಿತ್ತು. ಬಿಜೆಪಿಯ ಮೊತ್ತ ಹೆಚ್ಚುವ ಬದಲು ಇಳಿಯಿತು. ಮುಖಂಡರು ಕೈಕುಲುಕಿದ ಮಾತ್ರಕ್ಕೆ ಹಳ್ಳಿಯ ಬೂತಿನಲ್ಲಿ ಮತಗಳು ಕೂಡುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಕಾಂಗ್ರೆಸ್‌ಗೆ ಈ ಗೆಲುವು ತಾನಾಗಿ ಒದಗಿ ಬಂದದ್ದಲ್ಲ. ಟಿಕೆಟ್ ಪಠಾಣ ಅವರಿಗೆ ಹೋದಾಗ ಖಾದ್ರಿ ಬಂಡೆದ್ದು, ನಾಮಪತ್ರದ ಕೊನೆಯ ದಿನವಾದ ಅಕ್ಟೋಬರ್ 25ರಂದು ಪಕ್ಷೇತರರಾಗಿ ನಾಮಪತ್ರ ಸಲ್ಲಿಸಿದರು. ಅವರು ಕಣದಲ್ಲಿ ಉಳಿದಿದ್ದರೆ ಒಂದೇ ಸಮುದಾಯದ ಮತ ಎರಡು ಪಾಲಾಗಿ ಬಿಜೆಪಿಯ ದಾರಿ ಸುಗಮವಾಗುತ್ತಿತ್ತು. ಸಚಿವ ಜಮೀರ್ ಅಹಮದ್ ಖಾನ್ ಮುಂದೆ ನಿಂತು ಮನವೊಲಿಸಿದ ಮೇಲೆ ಅವರು ನಾಮಪತ್ರ ಹಿಂಪಡೆದರು. ನಂತರ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯ ಅಧ್ಯಕ್ಷ ಸ್ಥಾನ ಅವರಿಗೆ ದೊರೆಯಿತು. ಅಧಿಕಾರದಲ್ಲಿರುವ ಪಕ್ಷದ ನಿಜವಾದ ಅನುಕೂಲ ಇರುವುದು ಇಲ್ಲಿ. ಮತದಾರನಿಗೆ ಕೊಡುವ ಆಶ್ವಾಸನೆಗಿಂತ ಹೆಚ್ಚಾಗಿ, ಮುನಿಸಿಕೊಂಡ ತನ್ನವರಿಗೆ ಕೊಡಲು ಅದರ ಕೈಯಲ್ಲಿ ನಿಗಮ ಮಂಡಳಿಗಳಿರುತ್ತವೆ. ವಿರೋಧ ಪಕ್ಷಕ್ಕೆ ಆ ಸೌಲಭ್ಯವಿಲ್ಲ. ಸಾರ್ವಜನಿಕ ಸಂಸ್ಥೆಯೊಂದರ ಅಧ್ಯಕ್ಷ ಸ್ಥಾನ ಬಂಡಾಯ ಶಮನದ ಸಾಧನವಾಗುವುದು ಆರೋಗ್ಯಕರವಲ್ಲ ಎಂದು ಹೇಳದೆ ಮುಂದೆ ಹೋಗಲಾರೆ; ಎಲ್ಲ ಪಕ್ಷಗಳೂ ಇದನ್ನೇ ಮಾಡುತ್ತವೆ ಎಂಬುದು ಸಮರ್ಥನೆಯಾಗದು.

ಪ್ರಚಾರದ ವಿಷಯಕ್ಕೆ ಬಂದರೆ, ಬಿಜೆಪಿ ತನ್ನ ಬಹುಪಾಲು ಶಕ್ತಿಯನ್ನು ವಕ್ಫ್ ವಿವಾದದ ಮೇಲೆ ಹಾಕಿತು. ವಿಜಯಪುರ ಜಿಲ್ಲೆಯಲ್ಲಿ ರೈತರಿಗೆ ಅವರ ಜಮೀನು ವಕ್ಫ್ ಆಸ್ತಿ ಎಂಬ ನೋಟಿಸ್ ಹೋದ ಸುದ್ದಿ ಅಕ್ಟೋಬರ್ ಕೊನೆಯಲ್ಲಿ ರಾಜ್ಯವ್ಯಾಪಿಯಾಗಿ ಹಬ್ಬಿತ್ತು. ಸವಣೂರು ತಾಲ್ಲೂಕಿನ ಕಡಕೋಳದಲ್ಲಿ ಕಲ್ಲು ತೂರಾಟವೂ ನಡೆಯಿತು. ಪಹಣಿಯ ಕಾಲಂನಲ್ಲಿ ಬೇರೆ ಹೆಸರು ಬಂದೀತೆಂಬ ಭಯ ರೈತನಿಗೆ ಸಣ್ಣದಲ್ಲ, ಅದನ್ನು ಯಾರೂ ಹಗುರವಾಗಿ ಕಾಣಬಾರದು. ನೋಟಿಸ್‌ಗಳನ್ನು ಹಿಂಪಡೆಯುವಂತೆ ಮುಖ್ಯಮಂತ್ರಿ ಸೂಚಿಸಿದ ಮೇಲೆ ಆ ಭಯದ ಮೊನಚು ಬಹುಮಟ್ಟಿಗೆ ತಗ್ಗಿತು. ಅದಕ್ಕಿಂತ ಮುಖ್ಯವಾಗಿ, ಇಂಥ ವಿಷಯದ ಕಾವು ಎರಡೂ ಕಡೆ ಏರುತ್ತದೆ. 2023ರ ಮಾರ್ಚ್‌ನಲ್ಲಿ ಮುಸ್ಲಿಮರ 2ಬಿ ಮೀಸಲಾತಿಯ ಶೇ 4ರಷ್ಟು ಪಾಲನ್ನು ತೆಗೆದು ಒಕ್ಕಲಿಗರಿಗೂ ಲಿಂಗಾಯತರಿಗೂ ತಲಾ ಶೇ 2ರಂತೆ ಹಂಚುವ ತೀರ್ಮಾನ ಮಾಡಿದ್ದು ಬೊಮ್ಮಾಯಿ ಸರ್ಕಾರ. ಆ ತೀರ್ಮಾನ ಸುಪ್ರೀಂ ಕೋರ್ಟ್‌ನಲ್ಲಿ ನಿಂತುಹೋಯಿತು. ಅತ್ತ ಲಿಂಗಾಯತರ ಒಂದು ಪಂಗಡವಾದ ಪಂಚಮಸಾಲಿಗಳ 2ಎ ಮೀಸಲಾತಿಯ ಬೇಡಿಕೆಯೂ ಈಡೇರಲಿಲ್ಲ. ಹೀಗೆ ಒಂದು ಸಮುದಾಯ ಗಾಯಗೊಂಡು ಒಗ್ಗಟ್ಟಾಯಿತು, ಇನ್ನೊಂದು ತೃಪ್ತಿ ಹೊಂದದೆ ಚದುರಿತು. ಮುಸ್ಲಿಂ ಅಭ್ಯರ್ಥಿ ಎದುರಿಗಿದ್ದರೆ ಉಳಿದ ಮತಗಳೆಲ್ಲ ತಾವಾಗಿ ಒಂದೆಡೆ ಬಂದು ಸೇರುತ್ತವೆ ಎಂಬ ನಂಬಿಕೆಯ ಮೇಲೆ ನಾಲ್ಕು ಚುನಾವಣೆ ನಡೆದಿತ್ತು. ಐದನೆಯದರಲ್ಲಿ ಅದು ಕೆಲಸ ಮಾಡಲಿಲ್ಲ. ಒಂದು ಲಕ್ಷ ದಾಟಿದ ಮತಗಳು ಯಾವುದೇ ಒಂದು ಸಮುದಾಯದ ಮತಗಳಾಗಿರಲು ಸಾಧ್ಯವಿಲ್ಲ. ಅಭ್ಯರ್ಥಿಯ ಧರ್ಮವನ್ನು ಬದಿಗಿಟ್ಟು ಮತ ಹಾಕಿದವರು ಈ ತಾಲ್ಲೂಕುಗಳಲ್ಲಿ ಸಾವಿರಾರು ಸಂಖ್ಯೆಯಲ್ಲಿದ್ದಾರೆ ಎಂಬುದು ನನಗೆ ಈ ಫಲಿತಾಂಶದಲ್ಲಿ ಎಲ್ಲಕ್ಕಿಂತ ಮಹತ್ವದ್ದಾಗಿ ಕಾಣುತ್ತದೆ.

ಶಿಗ್ಗಾವಿ ಒಂಟಿ ಉದಾಹರಣೆಯಾಗಿದ್ದರೆ ಇಷ್ಟೆಲ್ಲ ಹೇಳುವ ಅಗತ್ಯವಿರಲಿಲ್ಲ. ಅದರ ಉತ್ತರಕ್ಕೆ ಕುಂದಗೋಳ, ಮಗ್ಗುಲಿಗೆ ಹಾನಗಲ್ಲ. ಒಂದಕ್ಕೊಂದು ಹೊಂದಿಕೊಂಡ ಈ ಮೂರೂ ಕಡೆ ಆರು ವರ್ಷಗಳೊಳಗೆ ಉಪಚುನಾವಣೆ ನಡೆದಿದೆ, ಮೂರೂ ಬಿಜೆಪಿಯ ಭದ್ರ ಲೋಕಸಭಾ ಕ್ಷೇತ್ರಗಳಲ್ಲಿವೆ, ಮೂರನ್ನೂ ಕಾಂಗ್ರೆಸ್ ಗೆದ್ದಿದೆ.

ಕುಂದಗೋಳದ ಪ್ರಕರಣವಂತೂ ಪಾಠ ಹೇಳಲೆಂದೇ ನಡೆದಂತಿದೆ. 2018ರಲ್ಲಿ ಅಲ್ಲಿ ಕೇವಲ 634 ಮತಗಳಿಂದ ಗೆದ್ದು ಸಚಿವರಾಗಿದ್ದ ಸಿ. ಎಸ್. ಶಿವಳ್ಳಿ 2019ರ ಮಾರ್ಚ್‌ನಲ್ಲಿ ನಿಧನರಾದರು. ಕ್ಷೇತ್ರದ ಜನ ಏಪ್ರಿಲ್ 23ರಂದು ಲೋಕಸಭೆಗೂ ಮೇ 19ರಂದು ವಿಧಾನಸಭೆಗೂ ಮತ ಹಾಕಿದರು. ಎರಡರ ಎಣಿಕೆಯೂ ಮೇ 23ರಂದೇ. ಆ ದಿನ ಧಾರವಾಡ ಲೋಕಸಭೆಯಲ್ಲಿ ಪ್ರಲ್ಹಾದ ಜೋಶಿ ಎರಡು ಲಕ್ಷಕ್ಕೂ ಮೀರಿದ ಅಂತರದಿಂದ ಗೆದ್ದರು. ಅದೇ ಲೋಕಸಭಾ ಕ್ಷೇತ್ರದ ಕುಂದಗೋಳದಲ್ಲಿ ಶಿವಳ್ಳಿಯವರ ಪತ್ನಿ ಕುಸುಮಾ ಶಿವಳ್ಳಿ 1,601 ಮತಗಳಿಂದ ಗೆದ್ದರು. ದೇಶದೆಲ್ಲೆಡೆ ಮೋದಿ ಅಲೆಯ ಮಾತು ನಡೆದಿದ್ದಾಗ ಒಂದು ತಾಲ್ಲೂಕಿನ ಮತದಾರ ಎರಡು ಯಂತ್ರಗಳಲ್ಲಿ ಎರಡು ಬಗೆಯ ತೀರ್ಪು ಕೊಟ್ಟಿದ್ದ. ರಾಜ್ಯದಲ್ಲಿ ಬಿಜೆಪಿ ಅಧಿಕಾರ ಕಳೆದುಕೊಂಡ 2023ರಲ್ಲಿ ಅದೇ ಕುಂದಗೋಳ ಬಿಜೆಪಿಯನ್ನು ಗೆಲ್ಲಿಸಿತು!

ಕುಂದಗೋಳ, ಶಿಗ್ಗಾವಿ ಎರಡರಲ್ಲೂ ಕಾಂಗ್ರೆಸ್ ಆಡಳಿತದಲ್ಲಿತ್ತು, ಹಾಗಾಗಿ ಗೆದ್ದಿತು ಎನ್ನುವವರು ಹಾನಗಲ್ಲನ್ನು ನೋಡಬೇಕು. 2021ರ ಅಕ್ಟೋಬರ್‌ನಲ್ಲಿ ಅಲ್ಲಿ ಉಪಚುನಾವಣೆ ನಡೆದಾಗ ಮುಖ್ಯಮಂತ್ರಿ ಸ್ವತಃ ಬೊಮ್ಮಾಯಿ, ಅದು ಅವರದೇ ಜಿಲ್ಲೆ. ಬಿಜೆಪಿ ಶಾಸಕ ಸಿ. ಎಂ. ಉದಾಸಿಯವರ ನಿಧನದಿಂದ ತೆರವಾದ ಸ್ಥಾನವದು. ಸಚಿವರ ದಂಡೇ ಬಂದು ಬೀಡುಬಿಟ್ಟರೂ ಕಾಂಗ್ರೆಸ್‌ನ ಶ್ರೀನಿವಾಸ ಮಾನೆ 7,373 ಮತಗಳಿಂದ ಗೆದ್ದರು. 2018ರಲ್ಲಿ ಸೋತ ಮೇಲೂ ಮಾನೆ ಕ್ಷೇತ್ರ ಬಿಟ್ಟು ಹೋಗಿರಲಿಲ್ಲ, ಕೋವಿಡ್ ಕಾಲದಲ್ಲಿ ಹಳ್ಳಿಹಳ್ಳಿ ಸುತ್ತಿದ್ದರು. ಅವರ ಗೆಲುವಿಗೆ ಇದಕ್ಕಿಂತ ಬೇರೆ ಗುಟ್ಟು ಇದ್ದಂತೆ ಕಾಣದು. ಶಿಗ್ಗಾವಿಯಲ್ಲಿ ಪಠಾಣ 2023ರ ಸೋಲಿನ ನಂತರ ಕ್ಷೇತ್ರದಲ್ಲಿ ಉಳಿದದ್ದನ್ನೂ, ಬಿಜೆಪಿ ಅಭ್ಯರ್ಥಿಗೆ ಇದು ಮೊದಲ ಚುನಾವಣೆಯಾಗಿದ್ದನ್ನೂ ಇದರ ಜೊತೆಗಿಟ್ಟು ನೋಡಬೇಕು.

ಲೋಕಸಭೆಗೇ ಉಪಚುನಾವಣೆ ನಡೆದಾಗಲೂ ಭದ್ರ ಕ್ಷೇತ್ರಗಳು ಅಲುಗಾಡಿವೆ. ಸುರೇಶ ಅಂಗಡಿಯವರು 2019ರಲ್ಲಿ 3,91,304 ಮತಗಳಿಂದ ಗೆದ್ದಿದ್ದ ಬೆಳಗಾವಿಯಲ್ಲಿ, ಅವರ ನಿಧನಾನಂತರ 2021ರಲ್ಲಿ ಪತ್ನಿ ಮಂಗಲಾ ಅಂಗಡಿ ದಾಟಿಕೊಂಡದ್ದು 5,240 ಮತಗಳಿಂದ. 2004ರಿಂದ ಬಿಜೆಪಿಯದೇ ಆಗಿದ್ದ ಬಳ್ಳಾರಿಯನ್ನು 2018ರ ಉಪಚುನಾವಣೆಯಲ್ಲಿ ಕಾಂಗ್ರೆಸ್‌ನ ವಿ. ಎಸ್. ಉಗ್ರಪ್ಪ 2,43,161 ಮತಗಳಿಂದ ಗೆದ್ದರು. ಆರೇ ತಿಂಗಳಲ್ಲಿ ಸಾರ್ವತ್ರಿಕ ಚುನಾವಣೆ ಬಂದಾಗ ಅದು ಬಿಜೆಪಿಗೆ ಮರಳಿತು. ಬೆಳಗಾವಿಯೂ 2024ರಲ್ಲಿ ಜಗದೀಶ ಶೆಟ್ಟರ್ ಅವರಿಗೆ ದೊಡ್ಡ ಅಂತರವನ್ನೇ ಕೊಟ್ಟಿತು. ಪ್ರಧಾನಿಯನ್ನು ಆರಿಸುವ ಚುನಾವಣೆ ಎಂಬ ಭಾವ ಇಲ್ಲದಿದ್ದಾಗ ಲೋಕಸಭಾ ಮತವೂ ಸ್ಥಳೀಯ ಮತವಾಗಿಬಿಡುತ್ತದೆ ಎಂದಾಯಿತು. ಉಪಚುನಾವಣೆಯ ಗೆಲುವನ್ನು ಮುಂದಿನ ಮಹಾಚುನಾವಣೆಯ ಮುನ್ಸೂಚನೆ ಎಂದು ಓದುವ ನಮ್ಮ ಚಾನೆಲ್‌ಗಳ ಅಭ್ಯಾಸಕ್ಕೆ ಈ ಎರಡು ಕ್ಷೇತ್ರಗಳಲ್ಲಿ ಯಾವ ಆಧಾರವೂ ಸಿಗುವುದಿಲ್ಲ.

ಕುಟುಂಬದ ಪ್ರಶ್ನೆಯನ್ನೂ ತಪ್ಪಿಸುವಂತಿಲ್ಲ. 2024ರ ನವೆಂಬರ್‌ನಲ್ಲಿ ಮೂರೂ ಕ್ಷೇತ್ರಗಳಲ್ಲಿ ನಿರ್ಗಮಿಸಿದ ಶಾಸಕರ ಮನೆಯವರೇ ಕಣದಲ್ಲಿದ್ದರು. ಚನ್ನಪಟ್ಟಣದಲ್ಲಿ ನಿಖಿಲ್ ಕುಮಾರಸ್ವಾಮಿ 25,413 ಮತಗಳಿಂದ ಸೋತರು, ಸಂಡೂರಿನಲ್ಲಿ ಅನ್ನಪೂರ್ಣಾ ತುಕಾರಾಂ 9,649 ಮತಗಳಿಂದ ಗೆದ್ದರು. ಎಸ್. ಆರ್. ಬೊಮ್ಮಾಯಿ ಮತ್ತು ಬಸವರಾಜ ಬೊಮ್ಮಾಯಿ, ಇಬ್ಬರು ಮುಖ್ಯಮಂತ್ರಿಗಳನ್ನು ಕಂಡ ಮನೆತನದ ಮೂರನೆಯ ತಲೆಮಾರಾಗಿ ಭರತ್ ಬಂದಿದ್ದರು. ಜನ ಕುಟುಂಬ ರಾಜಕಾರಣವನ್ನು ತಿರಸ್ಕರಿಸಿದರು ಎಂಬ ವ್ಯಾಖ್ಯಾನಕ್ಕೆ ಸಂಡೂರು, ಕುಂದಗೋಳಗಳು ಅಡ್ಡ ಬರುತ್ತವೆ. ನನ್ನ ತಿಳಿವಳಿಕೆಯಂತೆ ಜನ ನೋಡಿದ್ದು ಬೇರೆ: ಸಾವಿನಿಂದ ತೆರವಾದ ಸ್ಥಾನಕ್ಕೆ ಮನೆಯವರು ಬಂದರೆ ಅನುಕಂಪಕ್ಕೆ ಅವಕಾಶವಿದೆ, ಇನ್ನೂ ದೊಡ್ಡ ಸ್ಥಾನಕ್ಕೆ ಹೋದವರು ಬಿಟ್ಟ ಸ್ಥಾನಕ್ಕೆ ಮನೆಯವರು ಬಂದರೆ ಅನುಕಂಪ ಹುಟ್ಟುವುದಿಲ್ಲ, ಅವರು ಆಡಳಿತ ಪಕ್ಷದವರಾಗಿದ್ದರೆ ಮಾತ್ರ ಕೆಲಸವಾಗುತ್ತದೆಂಬ ಭರವಸೆಯಾದರೂ ಉಳಿಯುತ್ತದೆ.

ಶಿಗ್ಗಾವಿಯ ಫಲಿತಾಂಶದಿಂದ ಧಾರವಾಡ ಲೋಕಸಭಾ ವ್ಯಾಪ್ತಿಯ ಎಂಟು ವಿಧಾನಸಭಾ ಕ್ಷೇತ್ರಗಳ ಬಲಾಬಲ ಬದಲಾಯಿತು. 2023ರಲ್ಲಿ ನಾಲ್ಕು ಬಿಜೆಪಿಗೆ, ನಾಲ್ಕು ಕಾಂಗ್ರೆಸ್‌ಗೆ ಬಂದಿದ್ದವು; ಉಪಚುನಾವಣೆಯ ಬಳಿಕ ಕಾಂಗ್ರೆಸ್ ಐದು, ಬಿಜೆಪಿ ಮೂರು ಎಂದಾಯಿತು. ಇಷ್ಟಾದರೂ ನಾಳೆಯೇ ಲೋಕಸಭಾ ಚುನಾವಣೆ ನಡೆದರೆ ಧಾರವಾಡ ಕಾಂಗ್ರೆಸ್ ಪಾಲಾಗುತ್ತದೆ ಎಂದು ಹೇಳಲು ನಾನು ಸಿದ್ಧನಿಲ್ಲ. ನಾಲ್ಕು-ನಾಲ್ಕು ಇದ್ದಾಗಲೂ ಅಂತರ ಲಕ್ಷದ ಸಮೀಪವಿತ್ತು.

ಸರಿಪಡಿಸಬಹುದಾದ ಸಂಗತಿಯೊಂದು ಉಳಿದಿದೆ. ಶಾಸಕರು ಅವಧಿಯ ನಡುವೆ ಲೋಕಸಭೆಗೆ ಸ್ಪರ್ಧಿಸುವುದನ್ನು ತಡೆಯುವ ಕಾನೂನು ಇಲ್ಲ. ಒಬ್ಬ ಅಭ್ಯರ್ಥಿ ಒಂದೇ ಚುನಾವಣೆಯಲ್ಲಿ ಎರಡು ಕ್ಷೇತ್ರಗಳಿಂದ ನಿಲ್ಲುವುದನ್ನು ನಿಷೇಧಿಸಬೇಕೆಂದು ಚುನಾವಣಾ ಆಯೋಗ 2004ರಲ್ಲೇ ಪ್ರಸ್ತಾಪಿಸಿದ್ದರೂ ಸಂಸತ್ತು ಅದನ್ನು ಒಪ್ಪಲಿಲ್ಲ, 2023ರಲ್ಲಿ ಸುಪ್ರೀಂ ಕೋರ್ಟ್ ಅದು ಶಾಸಕಾಂಗಕ್ಕೆ ಬಿಟ್ಟ ವಿಷಯವೆಂದಿತು. ಒಪ್ಪಿದ್ದರೂ ಅದು ಶಿಗ್ಗಾವಿಯಂಥ ಪ್ರಕರಣವನ್ನು ಮುಟ್ಟುತ್ತಿರಲಿಲ್ಲ. ಆದರೆ ಕಾಯುವ ಅವಧಿಯನ್ನು ಕಡಿಮೆ ಮಾಡಲು ಹೊಸ ಕಾನೂನೇನೂ ಬೇಕಿಲ್ಲ. ತಮಿಳುನಾಡಿನ ವಿಕ್ರವಾಂಡಿ ಶಾಸಕರು 2024ರ ಏಪ್ರಿಲ್ ಮೊದಲ ವಾರದಲ್ಲಿ ನಿಧನರಾದಾಗ, ನಡುವೆ ಲೋಕಸಭಾ ಚುನಾವಣೆಯಂಥ ಬೃಹತ್ ಕಾರ್ಯವಿದ್ದರೂ, ಜುಲೈ 10ಕ್ಕೆ ಅಲ್ಲಿ ಉಪಚುನಾವಣೆ ನಡೆದು ಮುಗಿದಿತ್ತು. ಜೂನ್‌ನಲ್ಲಿ ತೆರವಾದ ಶಿಗ್ಗಾವಿ, ಸಂಡೂರು, ಚನ್ನಪಟ್ಟಣಗಳಿಗೆ ಅದೇ ವೇಗದಲ್ಲಿ ಸೆಪ್ಟೆಂಬರ್‌ನಲ್ಲೇ ಮತದಾನ ನಡೆಸಬಹುದಿತ್ತು. ಆರು ತಿಂಗಳು ಎಂಬುದು ಕಾಯ್ದೆ ವಿಧಿಸಿರುವ ಗರಿಷ್ಠ ಮಿತಿ, ಅದಕ್ಕಿಂತ ಮೊದಲೇ ದಿನಾಂಕ ಗೊತ್ತುಮಾಡುವ ಅಧಿಕಾರ ಆಯೋಗದ ಬಳಿಯೇ ಇದೆ.